ಕಡೂರು–ತರೀಕೆರೆ ಸೀಮೆಯ ಕೋವಿ ಮತ್ತು ಮದ್ದು: .405 ವಿಂಚೆಸ್ಟರ್ ರೈಫಲ್‌ನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕರ್ನಾಟಕದ ಆಯುಧಗಳ ಇತಿಹಾಸವನ್ನು ಕುರಿತ ಬರಹಗಳು ಬಹುಮಟ್ಟಿಗೆ ಯುದ್ಧದ ಸುತ್ತ ಬೆಳೆದಿವೆ. ವೀರಗಲ್ಲುಗಳ ಬಿಲ್ಲು ಕತ್ತಿಗಳು, ಕೋಟೆಗಳ ಫಿರಂಗಿಗಳು, ಹೈದರ್ ಮತ್ತು ಟಿಪ್ಪುವಿನ ಕಾಲದ ಕ್ಷಿಪಣಿಗಳು ವಿದ್ವಾಂಸರ ಗಮನ ಸೆಳೆದಷ್ಟು, ಮನೆಯ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಬೇಟೆಯ ಕೋವಿ ಸೆಳೆದಿಲ್ಲ. ಬೆಳೆ ಕಾಯುವುದು, ದನ ಕಾಯುವುದು, ಬೇಟೆಯಾಡುವುದು ಈ ಮೂರೂ ಕೆಲಸಗಳಲ್ಲಿ ಮಲೆನಾಡು ಹಾಗೂ ಅರೆಮಲೆನಾಡಿನ ಜನ ಸುಮಾರು ಎರಡು ಶತಮಾನ ಕಾಲ ಕೋವಿಯನ್ನು ಬಳಸಿದರು. ಅವರಿಗೆ ಅದು ಶಸ್ತ್ರ ಎನ್ನುವುದಕ್ಕಿಂತ ಉಪಕರಣವಾಗಿತ್ತು. ಉಪಕರಣವೊಂದರ ಚರಿತ್ರೆಯನ್ನು ಅದನ್ನು ಮಾಡಿದವರ ಕಡೆಯಿಂದ ನೋಡಿದರೆ ಸಾಲದು, ಅದಕ್ಕೆ ಬೇಕಾದ ಆಹಾರ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ನೋಡಬೇಕಾಗುತ್ತದೆ. ಕೋವಿಯ ಆಹಾರವೆಂದರೆ ಮದ್ದು, ಗುಂಡು ಮತ್ತು ತೋಟೆ. ಕೋವಿಯೊಂದು ಬಳಕೆಯಿಂದ ಹೊರಬಿದ್ದು ಹಳೆಯ ವಸ್ತುವಾಗುವುದು ಅದರ ವಯಸ್ಸಿನಿಂದಲ್ಲ, ಅದಕ್ಕೆ ತೋಟೆ ಸಿಗದೆ ಹೋದಾಗ. ಕಡೂರು–ತರೀಕೆರೆ ಸೀಮೆಯ ಕಾಡಿನಲ್ಲಿ ಬಳಕೆಯಾಗಿ ಪುಸ್ತಕಗಳ ಮೂಲಕ ಪ್ರಸಿದ್ಧವಾದ ಅಮೆರಿಕದ ಒಂದು ರೈಫಲ್‌ನ ನಿದರ್ಶನದಿಂದ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಗಳು ಕೂಡುವಲ್ಲಿ ಬಯಲು ಮತ್ತು ಮಲೆ ಒಂದನ್ನೊಂದು ಎದುರುಗೊಳ್ಳುತ್ತವೆ. ದುರ್ಗಾಂಬೆಯ ಜಾತ್ರೆಗೆ ಪಾನಕದ ಗಾಡಿಗಳು ಸಾಲುಗಟ್ಟಿ ಬರುವ ಅಂತರಘಟ್ಟೆ ಈ ಬಯಲಿನ ಊರು. ಇಲ್ಲಿಂದ ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಅದರ ತಪ್ಪಲಿನಲ್ಲಿ ಲಿಂಗದಹಳ್ಳಿ, ಎಮ್ಮೆದೊಡ್ಡಿ, ಸಖರಾಯಪಟ್ಟಣದ ಕಾಡುಗಳು; ಪೂರ್ವಕ್ಕೆ ಹೊಸದುರ್ಗ, ಹೊಳಲ್ಕೆರೆಗಳ ಕುರುಚಲು ಗುಡ್ಡಗಳು. ನಡುವೆ ಹರಡಿಕೊಂಡಿದ್ದ ಅಮೃತಮಹಲ್ ಕಾವಲುಗಳಲ್ಲಿ ದನದ ಹಿಂಡುಗಳು ಮೇಯುತ್ತಿದ್ದವು. ಈ ತಳಿಯ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನು ಎಳೆದವು ಎಂಬುದನ್ನು ನೆನೆದರೆ, ಈ ಬಯಲಿಗೂ ಮದ್ದುಗುಂಡಿಗೂ ಇರುವ ನಂಟು ಹಳೆಯದೇ. 1929ರಲ್ಲಿ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ದನದ ಹಿಂಡು ಇದ್ದಲ್ಲಿ ಹುಲಿ ಚಿರತೆಗಳ ಕಾಟವೂ ಇತ್ತು. ದನಗಾಹಿಗೆ ಕೋವಿ ಬೇಕಾದದ್ದು ಈ ಕಾರಣದಿಂದ.

ಆಯುಧವನ್ನು ಸೂಚಿಸುವ ಕನ್ನಡದ ಪದಗಳೇ ಒಂದು ಮಟ್ಟಿಗೆ ಅದರ ಚರಿತ್ರೆಯನ್ನು ಹೇಳುತ್ತವೆ. ತುಪಾಕಿ ಎಂಬುದು ತುರ್ಕಿ ಮೂಲದ್ದು, ಬಂದೂಕು ಅರಬ್ಬೀ–ಪಾರಸಿಯ ದಾರಿಯಲ್ಲಿ ಬಂದದ್ದು, ಫಿರಂಗಿ ಎಂಬ ಮಾತಿನಲ್ಲಿ ಪರಂಗಿಯವನ ನೆನಪಿದೆ. ಕೋವಿ ಮಾತ್ರ ದ್ರಾವಿಡ ಪದ. ಅದರ ಮೂಲಾರ್ಥ ಕೊಳವೆ. ಹೊರಗಿನಿಂದ ಬಂದ ವಸ್ತುವಿಗೆ ಜನ ತಮ್ಮದೇ ಹೆಸರಿಟ್ಟು ಒಗ್ಗಿಸಿಕೊಂಡದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈಡು, ಚರೆ, ಗಜ, ಕೇಪು, ತೋಟಾ ಮುಂತಾದ ಮಾತುಗಳು ಮಲೆನಾಡಿನಲ್ಲಿ ಎಷ್ಟು ಸಹಜವಾಗಿ ನೆಲೆಸಿದ್ದವು ಎಂಬುದನ್ನು ಕುವೆಂಪು ಅವರ ಎರಡು ಕಾದಂಬರಿಗಳು, ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967), ತೋರಿಸಿಕೊಡುತ್ತವೆ. ನಿಘಂಟುಕಾರರು ಈ ಕಾದಂಬರಿಗಳನ್ನು ಕೋವಿಯ ಪರಿಭಾಷೆಗಾಗಿ ಇನ್ನೂ ಪೂರ್ತಿಯಾಗಿ ಬಳಸಿಕೊಂಡಂತೆ ಕಾಣುವುದಿಲ್ಲ.

ಬಾಯಿಯಿಂದ ಮದ್ದು ತುಂಬುವ ನಾಡಕೋವಿಯ ವಿಶೇಷವೆಂದರೆ ಅದರ ಸ್ವಾವಲಂಬನೆ. ಕರಿಮದ್ದಿಗೆ ಬೇಕಾದವು ಮೂರೇ ವಸ್ತು. ತೂಕದಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಹಳೆಯ ಮಣ್ಣುಗೋಡೆಗಳ ಬುಡದಲ್ಲಿ, ದನ ಕಟ್ಟುವ ಜಾಗದ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಅಂಥ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಕಾಯಿಸಿ ಉಪ್ಪನ್ನು ತೆಗೆಯುವುದು ದೇಶದ ಅನೇಕ ಕಡೆ ಒಂದು ಕಸುಬೇ ಆಗಿತ್ತು. ಇದ್ದಿಲಿಗೆ ಕಾಡಿತ್ತು. ಗಂಧಕ ಮಾತ್ರ ಪೇಟೆಯಿಂದ ಬರಬೇಕು. ಕಬ್ಬಿಣಕ್ಕೂ ಕೊರತೆ ಇರಲಿಲ್ಲ. ಬಾಬಾಬುಡನ್ ಶ್ರೇಣಿಯ ಪೂರ್ವದ ಗುಡ್ಡಗಳಲ್ಲಿ ಮತ್ತು ಉಬ್ರಾಣಿಯ ಸುತ್ತ ಕಬ್ಬಿಣದ ಅದಿರನ್ನು ಕರಗಿಸುತ್ತಿದ್ದುದನ್ನು ಹಿಂದಿನ ಗ್ಯಾಸೆಟಿಯರುಗಳು ದಾಖಲಿಸಿವೆ. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು. ಅದೂ ಇಲ್ಲವಾದರೆ ಚೂರು ಕಬ್ಬಿಣವೇ ಗುಂಡು. ಮದ್ದು ಸುರಿದು, ಕತ್ತವನ್ನು ಗಜದಿಂದ ಜಡಿದು, ಗುಂಡು ಹಾಕಿ, ಮತ್ತೆ ಕತ್ತ ಜಡಿದರೆ ಈಡು ಸಿದ್ಧವಾದಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂದ ಮೇಲೆ ಹೊರಗಿನಿಂದ ತರಬೇಕಾದ ವಸ್ತು ಇನ್ನೊಂದು ಹೆಚ್ಚಿತು, ಅಷ್ಟೆ. ಒಟ್ಟಿನಲ್ಲಿ ಕಮ್ಮಾರನೂ ಈಡುಗಾರನೂ ಇರುವ ಊರಿನಲ್ಲಿ ಇಂಥ ಕೋವಿ ಮೂಲೆ ಸೇರುವ ಪ್ರಮೇಯವಿರಲಿಲ್ಲ.

1830–31ರ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರು ಪಾಲ್ಗೊಂಡದ್ದು ಸುಪರಿಚಿತ ಸಂಗತಿ. ರೈತರ ಆ ಬಂಡಾಯ ದೀರ್ಘಕಾಲ ನಡೆದುದಕ್ಕೆ ಕಾಡು, ಕೋಟೆ, ಕಂದಾಯದ ಹೊರೆ ಇತ್ಯಾದಿ ಕಾರಣಗಳನ್ನು ಇತಿಹಾಸಕಾರರು ಚರ್ಚಿಸಿದ್ದಾರೆ. ಮದ್ದನ್ನು ಸ್ಥಳೀಯವಾಗಿ ಅರೆದುಕೊಳ್ಳಬಹುದಾಗಿದ್ದ ಕಾಲ ಅದು ಎಂಬ ಅಂಶವನ್ನೂ ಆ ಪಟ್ಟಿಗೆ ಸೇರಿಸುವುದು ಯುಕ್ತ. 1857ರ ಅನಂತರ ಬ್ರಿಟಿಷ್ ಆಡಳಿತ ನಿಶ್ಶಸ್ತ್ರೀಕರಣಕ್ಕೆ ತೊಡಗಿ, 1878ರಲ್ಲಿ ಶಸ್ತ್ರ ಕಾಯಿದೆಯನ್ನು ತಂದಾಗ ಕೋವಿಯಷ್ಟೇ ಗಮನವನ್ನು ಮದ್ದುಗುಂಡಿಗೂ ಕೊಟ್ಟಿತು.

ತೋಟೆ ಕೋವಿಯ ಆಗಮನದೊಂದಿಗೆ ಈ ವ್ಯವಸ್ಥೆ ಬದಲಾಯಿತು. ಹಿತ್ತಾಳೆಯ ಕೋಶದೊಳಗೆ ಕೇಪು, ಮದ್ದು, ಗುಂಡು ಮೂರೂ ಒಂದಾಗಿ ಅಡಕವಾದದ್ದೇ ತೋಟೆ. ಇದರಲ್ಲಿ ವೇಗವಿದೆ, ಮಳೆಗೆ ನೆನೆಯುವ ಭಯ ಕಡಿಮೆ. ಆದರೆ ಊರಿನ ಕುಲುಮೆಯಲ್ಲಿ ಇದು ಹುಟ್ಟುವುದಿಲ್ಲ. 1889ರ ಹೊತ್ತಿಗೆ ಬೀರೂರು, ಅಜ್ಜಂಪುರಗಳ ಮೂಲಕ ಹರಿಹರಕ್ಕೆ ರೈಲುದಾರಿ ತೆರೆಯಿತು. 1899ರಲ್ಲಿ ಬೀರೂರು–ಶಿವಮೊಗ್ಗ ಕವಲುದಾರಿ ತರೀಕೆರೆಯನ್ನು ಮುಟ್ಟಿತು. ಬೆಂಗಳೂರಿನ ಶಿಕಾರಿಗಾರ ರಾತ್ರಿ ರೈಲು ಹತ್ತಿ ಬೆಳಗ್ಗೆ ಈ ಸೀಮೆಯಲ್ಲಿ ಇಳಿಯುವುದು ಸಾಧ್ಯವಾದದ್ದು ಹೀಗೆ. ಅವನ ಸಾಮಾನಿನ ಜೊತೆ ಬರ್ಮಿಂಗ್‌ಹ್ಯಾಂ ಅಥವಾ ನ್ಯೂಹೇವನ್ನಿನ ಕಾರ್ಖಾನೆಯ ತೋಟೆಯ ಪೆಟ್ಟಿಗೆಯೂ ಇಳಿಯಿತು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಪಟ್ಟಣದ ವಿಂಚೆಸ್ಟರ್ ಕಂಪನಿ ತಯಾರಿಸಿದ 1895ರ ಮಾದರಿಯ ರೈಫಲ್ ಈ ದೃಷ್ಟಿಯಿಂದ ಅಭ್ಯಾಸಯೋಗ್ಯ. ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಇದು ಲಿವರ್ ಆಕ್ಷನ್ ವರ್ಗಕ್ಕೆ ಸೇರಿದ್ದು. ಬಿಲ್ಲಿನ ಸುತ್ತ ಇರುವ ಸನ್ನೆಯನ್ನು ಕೆಳಕ್ಕೆ ತಳ್ಳಿದಾಗ ಸುಟ್ಟ ತೋಟೆ ಹೊರಬೀಳುತ್ತದೆ. ಮೇಲಕ್ಕೆ ಸೆಳೆದಾಗ ಹೊಸ ತೋಟೆ ನಳಿಗೆಯ ಹಿಂಬದಿಯನ್ನು ಸೇರುತ್ತದೆ. ಹಿಂದಿನ ಲಿವರ್ ರೈಫಲ್‌ಗಳಲ್ಲಿ ತೋಟೆಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಒಂದರ ಗುಂಡಿನ ಮೊನೆ ಮುಂದಿನದರ ಕೇಪನ್ನು ಒತ್ತುವುದರಿಂದ ಮೊನಚಾದ ಗುಂಡುಗಳನ್ನು ಬಳಸುವಂತಿರಲಿಲ್ಲ. ಬ್ರೌನಿಂಗ್ ಆ ಕೊಳವೆಯನ್ನು ಕೈಬಿಟ್ಟು, ತೋಟೆಗಳು ಒಂದರ ಮೇಲೊಂದು ಕೂರುವ ಪೆಟ್ಟಿಗೆಯನ್ನು ಅಳವಡಿಸಿದನು. ಇದರಿಂದ ಹೊಗೆರಹಿತ ಮದ್ದಿನ ಪ್ರಬಲ ತೋಟೆಗಳಿಗೆ ಈ ರೈಫಲ್ ಒದಗಿಬಂದಿತು. ಒಟ್ಟು ತಯಾರಾದ ಸುಮಾರು 4,26,000 ರೈಫಲ್‌ಗಳಲ್ಲಿ ಸುಮಾರು 2,93,000 ಮೊದಲ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಸೈನ್ಯಕ್ಕೆ ಹೋದವು. ಉಳಿದವುಗಳಲ್ಲಿ ಒಂದು ಭಾಗ ಬೇಟೆಗಾರರ ಕೈ ಸೇರಿತು.

1904ರಲ್ಲಿ ಈ ಮಾದರಿಗಾಗಿ .405 ಎಂಬ ತೋಟೆಯನ್ನು ಹೊರತರಲಾಯಿತು. ಅಂಚುಳ್ಳ, ನೇರವಾದ, ಸುಮಾರು 65 ಮಿ.ಮೀ. ಉದ್ದದ ಹಿತ್ತಾಳೆ ಕೋಶ. 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ತೂಕದ ಗುಂಡು. ಸೆಕೆಂಡಿಗೆ 2,200 ಅಡಿ ವೇಗ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909–10ರ ತನ್ನ ಆಫ್ರಿಕದ ಬೇಟೆಯಾತ್ರೆಗೆ ಇದನ್ನು ಒಯ್ದದ್ದರಿಂದ ಇದರ ಹೆಸರು ಹಬ್ಬಿತು. ಭಾರತದಲ್ಲಿ ಇದಕ್ಕೆ ಇನ್ನೆರಡು ಅನುಕೂಲಗಳಿದ್ದವು. ಸೈನ್ಯದ ಕೋವಿಗಳಿಗೆ ಹೊಂದಬಹುದಾದ .450 ಮುಂತಾದ ಅಳತೆಗಳನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಇಲ್ಲಿ ನಿರ್ಬಂಧಿಸಿತ್ತು; .405 ಆ ನಿರ್ಬಂಧಕ್ಕೆ ಒಳಪಡಲಿಲ್ಲ. ಲಂಡನ್ನಿನ ಹೆಸರಾಂತ ತಯಾರಕರ ಜೋಡುನಳಿಗೆ ರೈಫಲ್‌ಗಳ ಬೆಲೆ ರಾಜರಿಗೂ ಉನ್ನತ ಅಧಿಕಾರಿಗಳಿಗೂ ಎಟುಕುವಂಥದ್ದು, ವಿಂಚೆಸ್ಟರ್ ಅದರ ಒಂದು ಸಣ್ಣ ಅಂಶಕ್ಕೆ ದೊರೆಯುತ್ತಿತ್ತು. ಮಧ್ಯಮವರ್ಗದ ಬೇಟೆಗಾರನ ದೊಡ್ಡ ರೈಫಲ್ ಇದಾದುದು ಆಕಸ್ಮಿಕವಲ್ಲ.

ಅಂಥ ಬೇಟೆಗಾರರಲ್ಲಿ ಕೆನೆತ್ ಆಂಡರ್ಸನ್ (1910–1974) ಪ್ರಮುಖನು. ಬೆಂಗಳೂರಿನಲ್ಲಿ ನೆಲೆಸಿ, ವಿಮಾನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದ ಈತ ದಕ್ಷಿಣ ಭಾರತದ ಕಾಡುಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಪ್ರಸಿದ್ಧ. 1954ರ ಮೊದಲ ಸಂಕಲನದಲ್ಲಿಯೇ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ, ಹೊಸದುರ್ಗ–ಹೊಳಲ್ಕೆರೆ ನರಭಕ್ಷಕನ ಕಥೆಯೂ ಇವೆ. ನಕಾಶೆಯ ಮೇಲೆ ನೋಡಿದರೆ ಒಂದು ಅಂತರಘಟ್ಟೆ ಬಯಲಿನ ಪಶ್ಚಿಮದಂಚಿನದು, ಮತ್ತೊಂದು ಪೂರ್ವದಂಚಿನದು. ಈ ಬರಹಗಳಲ್ಲಿ .405 ವಿಂಚೆಸ್ಟರ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಓದುಗರ ಮಟ್ಟಿಗೆ ಅದೂ ಒಂದು ಪಾತ್ರವೇ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಆಂಡರ್ಸನ್ನನ ಬರಹಗಳನ್ನು ಕನ್ನಡಕ್ಕೆ ತಂದಾಗ ಆ ಲೋಕ ಕನ್ನಡ ಓದುಗರದೂ ಆಯಿತು. ಬೇಟೆಗಾರನ ನೆನಪುಗಳನ್ನು ಇತಿಹಾಸದ ಆಕರವಾಗಿ ಬಳಸುವಾಗ ಎಚ್ಚರಿಕೆ ಅಗತ್ಯ. ದಿನಾಂಕಗಳು ಅಪೂರ್ವ, ಉತ್ಪ್ರೇಕ್ಷೆ ಸಾಮಾನ್ಯ. ಆದರೆ ಆಂಡರ್ಸನ್ನನ ಬರಹಗಳು ಒಂದು ವಿಷಯದಲ್ಲಿ ಬೆಲೆಯುಳ್ಳವು. ಹಳ್ಳಿಯವರ ನಾಡಕೋವಿಯ ಈಡು ತಗುಲಿ, ಸಾಯದೆ ಊನಗೊಂಡ ಮೃಗ ಮುಂದೆ ಮನುಷ್ಯರ ಮೇಲೆ ಬೀಳುವ ಸಂಗತಿ ಅವುಗಳಲ್ಲಿ ಪದೇ ಪದೇ ಬರುತ್ತದೆ. ಸುಲಭವಾಗಿ ದೊರೆಯುವ ಮದ್ದಿನ ದುರ್ಬಲ ಕೋವಿ ಮತ್ತು ದೂರದ ತೋಟೆಯ ಪ್ರಬಲ ರೈಫಲ್ ಒಂದೇ ಕಾಡಿನಲ್ಲಿ, ಒಂದೇ ಪ್ರಾಣಿಯ ಮೈಮೇಲೆ ಎದುರಾದ ಕಾಲವನ್ನು ಅವು ಕಾಣಿಸುತ್ತವೆ.

ಆ ದೂರದ ತೋಟೆಯೇ ಈ ರೈಫಲ್‌ನ ದೌರ್ಬಲ್ಯವೂ ಆಯಿತು. 1895ರ ಮಾದರಿಯ ನಿಯಮಿತ ತಯಾರಿಕೆ 1930ರ ದಶಕದ ಆರಂಭದಲ್ಲಿ ನಿಂತಿತು. .405ರ ತೋಟೆ ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಕಂಪನಿಯ ಪಟ್ಟಿಯಿಂದ ಮರೆಯಾಯಿತು. ಸ್ವಾತಂತ್ರ್ಯಾನಂತರ ಭಾರತದಲ್ಲಿ ವಿದೇಶಿ ವಿನಿಮಯದ ಬಿಗಿಯಿಂದ ಆಮದು ಕುಗ್ಗಿತು. ದೇಶದ ಶಸ್ತ್ರಾಸ್ತ್ರ ಕಾರ್ಖಾನೆಗಳು ನಾಗರಿಕರಿಗಾಗಿ ಮುಖ್ಯವಾಗಿ .315 ರೈಫಲ್‌ನ ಮತ್ತು 12 ಬೋರ್ ಕೋವಿಯ ತೋಟೆಗಳನ್ನು ತಯಾರಿಸಿದವು; .405ರಂಥ ಅಪರೂಪದ ಅಳತೆಗೆ ಅಲ್ಲಿ ಜಾಗವಿರಲಿಲ್ಲ. ರೈಫಲ್ ಗಟ್ಟಿಯಾಗಿಯೇ ಉಳಿದು, ಹಾರಿಸಲು ತೋಟೆಯಿಲ್ಲದ ಸ್ಥಿತಿ ಒದಗಿತು. ಇನ್ನೂರು ವರ್ಷ ಹಳೆಯ ನಾಡಕೋವಿ ಗದ್ದೆ ಕಾಯುತ್ತಿರುವಾಗ ಐವತ್ತು ವರ್ಷದ ರೈಫಲ್ ಪೆಟ್ಟಿಗೆ ಸೇರಿತು. ಅಷ್ಟರಲ್ಲಿ ಹುಲಿ ಬೇಟೆ 1970ರಲ್ಲಿ ನಿಷೇಧಗೊಂಡು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಬೇಟೆಯ ಯುಗವೇ ಮುಗಿದದ್ದು ಬೇರೆ ಮಾತು.

ತೋಟೆ ನಿಂತುಹೋದ ರೈಫಲ್ ಅನ್ನು ಜೀವಂತವಾಗಿ ಇಡಲು ಜಗತ್ತಿನ ಹವ್ಯಾಸಿಗಳು ಕಂಡುಕೊಂಡ ದಾರಿಯೆಂದರೆ ತೋಟೆಯನ್ನು ಕೈಯಿಂದ ಮರಳಿ ತುಂಬುವುದು. ತೋಟೆಯ ನಾಲ್ಕು ಅಂಗಗಳಲ್ಲಿ ಕೇಪು, ಮದ್ದು, ಗುಂಡು ಒಂದು ಈಡಿಗೇ ಮುಗಿಯುತ್ತವೆ, ಹಿತ್ತಾಳೆಯ ಕೋಶ ಮಾತ್ರ ಉಳಿಯುತ್ತದೆ. ಸುಟ್ಟಾಗ ಹಿಗ್ಗಿದ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹಳೆಯ ಕೇಪನ್ನು ಕಳಚಿ ಹೊಸದನ್ನು ಕೂರಿಸಿ, ತೂಗಿದ ಮದ್ದನ್ನು ಸುರಿದು, ಗುಂಡನ್ನು ನಿಲ್ಲಿಸಿ ಕೋಶದ ಬಾಯಿಯನ್ನು ಬಿಗಿಯುವುದು ಕ್ರಮ. ಈ ಕಡೆಯ ಬಿಗಿತ ವಿಂಚೆಸ್ಟರ್‌ನ ವಿಷಯದಲ್ಲಿ ಮುಖ್ಯ. ಇಲ್ಲವಾದರೆ ಹಾರಿಸಿದಾಗಿನ ಒದೆತಕ್ಕೆ ಪೆಟ್ಟಿಗೆಯಲ್ಲಿ ಉಳಿದ ತೋಟೆಗಳ ಗುಂಡುಗಳು ಒಳಸರಿಯುವ ಅಪಾಯವುಂಟು. .405ರ ಗುಂಡಿನ ವ್ಯಾಸ 0.411 ಅಂಗುಲ, ಬೇರೆ ಸಾಮಾನ್ಯ ರೈಫಲ್‌ಗಳ ಗುಂಡು ಇದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಸೀಸದ ಗುಂಡನ್ನು ವಿಶೇಷ ಅಚ್ಚಿನಲ್ಲಿ ಎರೆಯಬೇಕಾಗಿತ್ತು. ಕೋಶಕ್ಕಾಗಿ ಜರ್ಮನಿಯ 9.3×74 ಅಳತೆಯ ಅಂಚುಳ್ಳ ಕೋಶವನ್ನು ತಿದ್ದಿ ಹೊಂದಿಸುವ ಪದ್ಧತಿಯಿತ್ತು. 2000ದ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ರೈಫಲ್‌ನ ಹೊಸ ಆವೃತ್ತಿಯೂ ಹಾರ್ನಡಿ ಕಂಪನಿಯ ತೋಟೆಯೂ ಹೊರಬಂದ ಮೇಲೆ ಈ ಪಡಿಪಾಟಲು ಅಲ್ಲಿ ತಗ್ಗಿತು.

ಹಳೆಯ ಕೋಶಗಳೆಲ್ಲ ಮರುಬಳಕೆಗೆ ಯೋಗ್ಯವಲ್ಲ. ಇದಕ್ಕೆ ರಾಸಾಯನಿಕ ಕಾರಣವಿದೆ. ಆರಂಭಕಾಲದ ಕೇಪುಗಳಲ್ಲಿ ಪಾದರಸದ ಸಂಯುಕ್ತವಿರುತ್ತಿತ್ತು. ಸ್ಫೋಟವಾದಾಗ ಬಿಡುಗಡೆಯಾದ ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಡಸಾಗಿಸುತ್ತದೆ. ಕರಿಮದ್ದಿನ ಕಾಲದಲ್ಲಿ ಹೇರಳವಾದ ಮಸಿ ಅದನ್ನು ಹೀರಿಕೊಳ್ಳುತ್ತಿದ್ದುದರಿಂದ ಹಾನಿ ಕಡಿಮೆ; ಹೊಗೆರಹಿತ ಮದ್ದಿನೊಂದಿಗೆ ಹಾನಿ ನೇರ. ಹೊರನೋಟಕ್ಕೆ ಚೆನ್ನಾಗಿರುವ ಕೋಶ ಎರಡನೆಯ ಈಡಿಗೆ ಸೀಳಬಹುದು. ಕೇಪನ್ನು ಕೂರಿಸುವ ವಿಧಾನದಲ್ಲಿಯೂ ಎರಡು ಪಂಥಗಳಿವೆ. ಇಂಗ್ಲೆಂಡಿನ ಬಾಕ್ಸರ್ ರೂಪಿಸಿದ ಬಗೆಯಲ್ಲಿ ಕೋಶದ ತಳದ ನಡುವೆ ಒಂದೇ ರಂಧ್ರ, ಹಳೆಯ ಕೇಪನ್ನು ಒಳಗಿನಿಂದ ಸೂಜಿಯಿಂದ ತಳ್ಳಬಹುದು. ಅಮೆರಿಕದ ಬರ್ಡನ್ ರೂಪಿಸಿದ ಬಗೆಯಲ್ಲಿ ರಂಧ್ರಗಳು ಎರಡು, ನಡುವೆ ದಿಬ್ಬ. ಕೇಪನ್ನು ಕೀಳುವುದು ತ್ರಾಸದಾಯಕ. ವಿಚಿತ್ರವೆಂದರೆ ಇಂಗ್ಲಿಷಿನವನ ಪದ್ಧತಿ ಅಮೆರಿಕದಲ್ಲಿಯೂ, ಅಮೆರಿಕದವನದು ಯೂರೋಪಿನಲ್ಲಿಯೂ ನೆಲೆಯೂರಿತು. ಬರ್ಮಿಂಗ್‌ಹ್ಯಾಂ ಕಡೆಯ ತೋಟೆಯನ್ನೇ ಹೆಚ್ಚಾಗಿ ಕಂಡ ಭಾರತದಲ್ಲಿ ರೈಫಲ್ ತೋಟೆ ತುಂಬುವ ಹವ್ಯಾಸ ಬೆಳೆಯದಿರಲು ಕಾಯಿದೆಯಷ್ಟೇ ಈ ಸಣ್ಣ ದಿಬ್ಬವೂ ಕಾರಣವಾಗಿರಬಹುದು. ಮಲೆನಾಡಿನಲ್ಲಿ 12 ಬೋರ್ ಕೋವಿಯ ಖಾಲಿ ತೋಟೆಗೆ ಚರೆ, ಮದ್ದು ತುಂಬುತ್ತಿದ್ದುದು ಈ ಹವ್ಯಾಸಕ್ಕಿಂತ ನಾಡಕೋವಿಯ ಹಳೆಯ ಜಾಣ್ಮೆಯ ಮುಂದುವರಿಕೆ ಎನ್ನಬೇಕು.

ಕೇಪು ನಳಿಗೆಯನ್ನೂ ಕೆಡಿಸುತ್ತದೆ. ಕ್ಲೋರೇಟ್ ಬೆರೆತ ಹಳೆಯ ಕೇಪುಗಳು ಸುಟ್ಟಾಗ ಉಳಿಯುವ ಲವಣ ಅಡಿಗೆ ಉಪ್ಪಿನಂತೆಯೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಇದನ್ನು ಕರಗಿಸುವುದಿಲ್ಲ, ಬಿಸಿನೀರು ಕರಗಿಸುತ್ತದೆ. ಮುಂಗಾರಿನಲ್ಲಿ ಬೇಟೆಯಾಡಿ, ನೀರು ಸೋಕಿಸದೆ ಎಣ್ಣೆ ಸವರಿ ಇಟ್ಟ ರೈಫಲ್‌ನ ಒಳಗಿನ ಸುರುಳಿಗೆರೆಗಳು ತುಕ್ಕಿನಿಂದ ಗುಳಿಬೀಳುತ್ತವೆ. ಹಳೆಯ ರೈಫಲ್ ಒಂದರ ನಳಿಗೆಯ ಒಳಮೈ, ಅದರ ಒಡೆಯ ತೋಟೆಯ ರಸಾಯನವನ್ನು ಎಷ್ಟು ಬಲ್ಲವನಾಗಿದ್ದ ಎಂಬುದರ ದಾಖಲೆ. ಶಾಸನತಜ್ಞ ಕಲ್ಲಿನ ಸವೆತವನ್ನು ಓದುವಂತೆ ಇದನ್ನು ಓದಲು ಸಾಧ್ಯ.

ಜೀರ್ಣೋದ್ಧಾರದ ಪ್ರಶ್ನೆ ಜಟಿಲವಾಗುವುದು ಇಲ್ಲಿಯೇ. ಮೇಲ್ಮೈಯ ತುಕ್ಕನ್ನು ಉಜ್ಜಿ, ಹೊಸದಾಗಿ ನೀಲಿಬಣ್ಣ ಕಟ್ಟಿಸಿ, ವಾಲ್‌ನಟ್ ಮರದ ಹಿಡಿಗೆ ಮೆರುಗೆಣ್ಣೆ ಬಳಿದರೆ ವಸ್ತು ಹೊಳೆಯುತ್ತದೆ. ಆದರೆ ಅಂಗೈ ಸವೆಸಿದ ಗುರುತು, ಊರಿನ ಕಮ್ಮಾರ ಕೂರಿಸಿದ ಬೆಸುಗೆ, ಒದೆತಕ್ಕೆ ಸೀಳಿದ ಹಿಡಿಗೆ ಸುತ್ತಿದ ತಂತಿ ಎಲ್ಲವೂ ಅಳಿಸಿಹೋಗುತ್ತವೆ. ತುಕ್ಕನ್ನು ತಡೆಯುವುದು, ಮರಕ್ಕೆ ಹದವಾಗಿ ಅಗಸೆ ಎಣ್ಣೆ ಕೊಡುವುದು, ಮುರಿದ ಸ್ಪ್ರಿಂಗನ್ನು ಬದಲಿಸಿದರೆ ಹಳೆಯದನ್ನೂ ಕಾದಿರಿಸುವುದು ಇಷ್ಟಕ್ಕೆ ನಿಲ್ಲುವುದು ಲೇಸು. ಕ್ರಮಸಂಖ್ಯೆಯನ್ನು ಬರೆದುಕೊಳ್ಳುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ವಿಂಚೆಸ್ಟರ್ ಕಾರ್ಖಾನೆಯ ಹಳೆಯ ಲೆಕ್ಕಪುಸ್ತಕಗಳು ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. 1895ರ ಮಾದರಿಯ ಆರಂಭದ ಸುಮಾರು 60,000 ರೈಫಲ್‌ಗಳ ವಿವರ ಅಲ್ಲಿ ದೊರೆಯುತ್ತದೆ. ಮಲೆನಾಡಿನ ಮನೆಯೊಂದರ ವಸ್ತುವಿಗೆ ಜನ್ಮಪತ್ರ ಸಮುದ್ರದಾಚೆ ಇರುವ ನಿದರ್ಶನಗಳು ಹೆಚ್ಚಿಲ್ಲ.

ಭಾರತದ ಕಾಯಿದೆ ಈ ಬಗೆಯ ವಸ್ತುವನ್ನು ಎರಡು ಕಡೆಯಿಂದ ಹಿಡಿದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ಕಳೆದ ಚಾರಿತ್ರಿಕ ಮಹತ್ವದ ವಸ್ತು ಪ್ರಾಚ್ಯವಸ್ತುವಾಗಬಲ್ಲುದು. 1904ರ ಅನಂತರದ ಮೊದಲ ಎರಡು ದಶಕಗಳ .405 ರೈಫಲ್‌ಗಳು ಈಗ ಆ ವಯಸ್ಸನ್ನು ದಾಟಿವೆ. ಆದರೆ 1959ರ ಶಸ್ತ್ರ ಕಾಯಿದೆಯ 45ನೆಯ ಪ್ರಕರಣ ವಿನಾಯಿತಿ ಕೊಡುವುದು ವಯಸ್ಸನ್ನು ನೋಡಿ ಅಲ್ಲ. ಆಯುಧ ಬಳಕೆ ತಪ್ಪಿದ ಮಾದರಿಯದೋ ಪ್ರಾಚೀನ ಮೌಲ್ಯದ್ದೋ ಕೆಟ್ಟುಹೋದದ್ದೋ ಆಗಿದ್ದು, ದುರಸ್ತಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂತಿದ್ದರೆ ಮಾತ್ರ ಕಾಯಿದೆ ಅದಕ್ಕೆ ಅನ್ವಯಿಸದು. ದುರಸ್ತಿಯಾಗಬಲ್ಲ ರೈಫಲ್ ಎಷ್ಟೇ ಹಳೆಯದಾದರೂ ಬಂದೂಕೇ. ಅದೇ ಕಾಯಿದೆಯ 5ನೆಯ ಪ್ರಕರಣದಂತೆ ಕೋವಿಯ ದುರಸ್ತಿ, ಪರೀಕ್ಷೆಗಳಿಗೂ, ಮದ್ದುಗುಂಡಿನ ತಯಾರಿಕೆಗೂ ಪರವಾನಗಿ ಬೇಕು. ಮದ್ದುಗುಂಡು ಎಂಬ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ತಯಾರಿಕೆಯ ಯಂತ್ರಗಳೂ ಅಡಕವಾಗಿವೆ. ಆದ್ದರಿಂದ ಅಮೆರಿಕದ ಹವ್ಯಾಸಿ ತನ್ನ ಮನೆಯ ಮೇಜಿನ ಮೇಲೆ ಮಾಡುವ ಕೆಲಸ ಇಲ್ಲಿ ಪರವಾನಗಿ ಪಡೆದವರ ಹೊರತು ಅಪರಾಧ. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಇದನ್ನು ಆಕ್ಷೇಪಿಸುವಂತಿಲ್ಲ. ಕೊಡಗಿನಲ್ಲಿ 2029ರವರೆಗೆ ವಿಸ್ತರಣೆಗೊಂಡಿರುವ ವಿನಾಯಿತಿಯೂ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ತೋಟೆ ತಯಾರಿಸುವುದಕ್ಕಲ್ಲ.

ಇದರ ಪರಿಣಾಮ ಇತಿಹಾಸಕಾರನ ಮೇಲೆ ಆಗುತ್ತದೆ. ಪರವಾನಗಿದಾರ ತೀರಿಕೊಂಡು, ವಾರಸುದಾರರಿಗೆ ಪರವಾನಗಿ ಬೇಡವಾದಾಗ ಆಯುಧವನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು; ಗೊತ್ತಾದ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರಕ್ಕೆ ಸೇರುತ್ತದೆ. ಚುನಾವಣೆಗಳ ಕಾಲದಲ್ಲಿ ರೈತರ ಕೋವಿಗಳನ್ನು ಠೇವಣಿ ಇರಿಸಿಕೊಳ್ಳುವ ರೂಢಿಯೂ ಇದೆ. ಈ ಹಂತಗಳಲ್ಲಿ ಯಾವುದರಲ್ಲಿಯೂ ವಸ್ತುವಿನ ಮಾದರಿ, ಕ್ರಮಸಂಖ್ಯೆಯ ಆಚೆಗೆ ಅದರ ಬಳಕೆಯ ಚರಿತ್ರೆಯನ್ನು ಬರೆದಿಡುವ ಏರ್ಪಾಡಿಲ್ಲ. ಹಾರಿಸಲು ಬಾರದಂತೆ ನಳಿಗೆಯನ್ನು ಕೊರೆದು ಪ್ರದರ್ಶನಕ್ಕೆ ಇಟ್ಟರೆ ಕಾಯಿದೆಗೆ ತೃಪ್ತಿ, ಆದರೆ ನಳಿಗೆಯ ಒಳಮೈಯಲ್ಲಿದ್ದ ಸಾಕ್ಷ್ಯ ನಷ್ಟ. ಕೊರೆಯುವ ಮೊದಲು ಒಳಮೈಯ ಅಚ್ಚನ್ನು ತೆಗೆದು, ಅಳತೆ ಮತ್ತು ಚಿತ್ರಗಳೊಂದಿಗೆ ದಾಖಲಿಸುವುದು ಹೆಚ್ಚು ವೆಚ್ಚದ ಕೆಲಸವಲ್ಲ. ವಸ್ತುಸಂಗ್ರಹಾಲಯಗಳ ಗೋಡೆಗಳಲ್ಲಿ ಕೋವಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಪಕ್ಕದಲ್ಲಿ ಮದ್ದಿನ ಕೊಂಬು, ಗುಂಡಿನ ಅಚ್ಚು, ಖಾಲಿ ಹಿತ್ತಾಳೆಯ ಕೋಶ ಕಾಣುವುದು ಅಪರೂಪ. ಕಡೂರು, ತರೀಕೆರೆ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಕೋವಿ ಇಲ್ಲದಿದ್ದರೂ ಇಂಥ ಗುಂಡಿನ ಅಚ್ಚು ಇರುವ ಸಂಭವವಿದೆ. ಅದು ಯಾವ ಅಳತೆಯದು ಎಂಬುದರಿಂದ ಆ ಮನೆಯಲ್ಲಿ ಯಾವ ಕೋವಿ ಇತ್ತು ಎಂಬುದನ್ನು ಹೇಳಬಹುದು.